ಒಂದು ‘ಹೂಂ’ನ ಬೆಲೆ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ಅವರ ಮನಸ್ಸಿನಲ್ಲಿ ಏನಿದ್ದಿರಬಹುದೆಂದು ಊಹಿಸುವುದು ನನಗೆ ಕಷ್ಟವಾಗಲಿಲ್ಲ. ಸ್ವೀಡನ್ನಿನಿಂದ ಬರುವ ಬರಹವೆಂದ ಮೇಲೆ ನಡುರಾತ್ರಿಯ ಸೂರ್ಯ, ಆಗಸದಲ್ಲಿ ಕುಣಿಯುವ ಹಸಿರು ಬೆಳಕು, ನೊಬೆಲ್ ಪ್ರಶಸ್ತಿಯ ಔತಣ ಇವೆಲ್ಲ ಇರಲೇಬೇಕಲ್ಲವೇ? ಆದರೆ ಈ ದೇಶದಲ್ಲಿ ಹತ್ತು ವರ್ಷಗಳಿಗೂ ಮೀರಿ ಬಾಳಿದ ನಾನು ಆ ಹಸಿರು ಬೆಳಕನ್ನು ಕಂಡದ್ದು ಒಮ್ಮೆ ಮಾತ್ರ. ಅದೂ ಬಸ್ಸಿನ ಕಿಟಕಿಯಿಂದ, ಅರೆನಿದ್ದೆಯಲ್ಲಿ. ನಾನು ಚೆನ್ನಾಗಿ ಬಲ್ಲ ಸ್ವೀಡನ್ ಬೇರೆಯೇ ಒಂದಿದೆ. ಅದು ಕಿವಿಗೆ ಸಿಕ್ಕಿಸಿಕೊಂಡ ದೂರವಾಣಿಯ ಮೂಲಕ, ಆರು ತಿಂಗಳ ಕಾಲ, ದಿನಕ್ಕೆ ಇನ್ನೂರು ಮನೆಗಳ ಬಾಗಿಲು ತಟ್ಟಿ ಕಂಡ ಸ್ವೀಡನ್. ಆ ಆರು ತಿಂಗಳ ಕಥೆಯನ್ನು ನಮ್ಮ ಕನ್ನಡ ಕೂಟದ ಗೆಳೆಯರಿಗೂ ನಾನು ಪೂರ್ತಿಯಾಗಿ ಹೇಳಿದವನಲ್ಲ. ದೂರದೂರದ ಊರುಗಳಿಂದ ಬಂದು ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದಿರುವ ತಮ್ಮ ಮುಂದೆ ಹೇಳುವುದು ಏಕೋ ಸುಲಭವೆನಿಸುತ್ತಿದೆ.

2012ರ ಸೆಪ್ಟೆಂಬರಿನಲ್ಲಿ ನನ್ನ ಮಡದಿಗೆ ಸ್ಟಾಕ್‌ಹೋಮಿನ ಶಿಸ್ತಾದಲ್ಲಿ ಉದ್ಯೋಗ ದೊರೆತು ನಾವಿಲ್ಲಿಗೆ ಬಂದೆವು. ನಮ್ಮವರಲ್ಲಿ ಗಂಡನ ಬೆನ್ನ ಹಿಂದೆ ಹೆಂಡತಿ ಬರುವುದೇ ವಾಡಿಕೆ. ನಮ್ಮದು ತಿರುಗುಮುರುಗಾದ ಸಂಸಾರ. ಬೆಂಗಳೂರಿನಲ್ಲಿ ಎಂಟು ವರ್ಷ ಲೆಕ್ಕಪತ್ರಗಳ ನಡುವೆ ಕಳೆದಿದ್ದ ನಾನು ಇಲ್ಲಿನ ಅರ್ಜಿಗಳಲ್ಲಿ ‘ಅವಲಂಬಿತ’ ಎಂಬ ಕಾಲಂನಲ್ಲಿ ಹೆಸರು ಬರೆಯುವವನಾದೆ. ಸರ್ಕಾರವು ವಲಸಿಗರಿಗೆಂದು ಉಚಿತವಾಗಿ ನಡೆಸುವ ಸ್ವೀಡಿಷ್ ತರಗತಿಗಳಿಗೆ ಸೇರಿ, ಮೂವತ್ತೈದರ ವಯಸ್ಸಿನಲ್ಲಿ ಮತ್ತೆ ಅಕ್ಷರಾಭ್ಯಾಸ ಮಾಡಿಸಿಕೊಂಡೆ.

ಇಲ್ಲಿ ಒಂದು ಸ್ವಾರಸ್ಯವನ್ನು ಹೇಳದಿರಲಾರೆ. ಯೂರೋಪಿನ ಬಹುತೇಕ ಭಾಷೆಗಳಲ್ಲಿ ಕಾಣಸಿಗದ ನಮ್ಮ ಟ, ಡ, ಣಗಳು ಸ್ವೀಡಿಷ್ ಭಾಷೆಯಲ್ಲಿ ಇವೆ. ಬರೆಯುವಾಗ ರಕಾರ ಮತ್ತು ನಕಾರವನ್ನು ಬೇರೆಬೇರೆಯಾಗಿ ಬರೆದರೂ ಸ್ಟಾಕ್‌ಹೋಮಿನವರ ಬಾಯಲ್ಲಿ ಅವೆರಡೂ ಕೂಡಿ ಅಚ್ಚುಕಟ್ಟಾದ ಣಕಾರವಾಗುತ್ತದೆ. ಮಕ್ಕಳಿಗೆ ಇವರು ಅನ್ನುವ ಮಾತು ನಮ್ಮ ಕಿವಿಗೆ ‘ಬಾಣ್’ ಎಂದೇ ಕೇಳಿಸುತ್ತದೆ, ಮೇಜಿಗೆ ‘ಬೂಡ್’. ತರಗತಿಯಲ್ಲಿದ್ದ ಇತರ ದೇಶದವರು ನಾಲಿಗೆ ಹೊರಳಿಸಲಾರದೆ ಒದ್ದಾಡುತ್ತಿರುವಾಗ ನಾನು ಸಾಗರದ ಪ್ರಾಥಮಿಕ ಶಾಲೆಯಲ್ಲಿ ಕಲಿತ ವರ್ಣಮಾಲೆಯ ಬಲದಿಂದ ಮೇಡಂ ಅವರ ಮೆಚ್ಚುಗೆ ಗಳಿಸಿದೆ. ‘ಬಾಯಿದ್ದವನು ಬರದಲ್ಲೂ ಬದುಕಿದ’ ಎಂಬ ನಮ್ಮೂರ ಗಾದೆಯನ್ನು ಆಗ ಹೆಮ್ಮೆಯಿಂದ ನೆನೆದದ್ದುಂಟು. ಆ ಬಾಯಿಯೇ ಮುಂದೆ ನನ್ನನ್ನು ಎಲ್ಲಿಗೆ ಒಯ್ದೀತೆಂಬುದು ಆಗ ತಿಳಿದಿರಲಿಲ್ಲ.

ಲೆಕ್ಕಪತ್ರದ ಕೆಲಸಕ್ಕೆ ಕಳಿಸಿದ ಅರ್ಜಿಗಳಿಗೆ ಸೌಜನ್ಯಪೂರ್ಣವಾದ ನಿರಾಕರಣೆಗಳು ಬರತೊಡಗಿ ಎರಡು ವರ್ಷ ಸಂದವು. 2015ರ ಅಕ್ಟೋಬರಿನಲ್ಲಿ ನಗರದ ಹೊರವಲಯದ ಒಂದು ದೂರವಾಣಿ ಮಾರಾಟದ ಕಂಪನಿ ನನ್ನನ್ನು ಹದಿನೈದು ನಿಮಿಷ ಮಾತನಾಡಿಸಿ, ಆರು ತಿಂಗಳ ಪರೀಕ್ಷಾರ್ಥ ಅವಧಿಗೆ ತೆಗೆದುಕೊಂಡಿತು. ಮಾರಬೇಕಾದ ಸರಕು ವಿದ್ಯುತ್ತು. ಸರಿಯಾಗಿ ಹೇಳಬೇಕೆಂದರೆ ವಿದ್ಯುತ್ತಲ್ಲ, ವಿದ್ಯುತ್ತಿನ ಒಪ್ಪಂದ. ಸ್ವೀಡನ್ನಿನಲ್ಲಿ 1996ರಲ್ಲಿ ವಿದ್ಯುತ್ ಮಾರುಕಟ್ಟೆಯನ್ನು ಮುಕ್ತಗೊಳಿಸಿದರು. 1999ರ ಕೊನೆಯ ಹೊತ್ತಿಗೆ ಸಾಮಾನ್ಯ ಗೃಹಸ್ಥನೂ ತನಗಿಷ್ಟ ಬಂದ ಮಾರಾಟಗಾರನಿಂದ ವಿದ್ಯುತ್ ಕೊಳ್ಳಬಹುದಾಯಿತು. ತಂತಿ ಅದೇ, ಕಂಬ ಅದೇ, ದೀಪವೂ ಅದೇ. ತಿಂಗಳ ಕೊನೆಗೆ ಬಿಲ್ಲು ಕಳಿಸುವವನು ಮಾತ್ರ ಬೇರೆ. ಕಣ್ಣಿಗೆ ಕಾಣದ, ಕೈಗೆ ಸಿಗದ, ಯಾರದಾದರೂ ಒಂದೇ ಆಗಿರುವ ವಸ್ತುವನ್ನು ಇವನದಕ್ಕಿಂತ ಅವನದು ಮೇಲೆಂದು ಹೇಳಿ ಮಾರುವುದಕ್ಕೆ ಎಂಥ ಬಾಯಿ ಬೇಕೆಂಬುದನ್ನು ತಾವೇ ಊಹಿಸಿಕೊಳ್ಳಬಹುದು.

ಮೊದಲ ದಿನವೇ ನನ್ನ ಹೆಸರಿಗೆ ಕತ್ತರಿ ಬಿತ್ತು. ತಂಡದ ನಾಯಕ ಇಪ್ಪತ್ನಾಲ್ಕರ ಹುಡುಗ, ನಗುಮುಖದವನು, ಕೆಟ್ಟವನೇನಲ್ಲ. “ರಾಘವೇಂದ್ರ ಅನ್ನುವಷ್ಟರಲ್ಲಿ ಗಿರಾಕಿ ಫೋನು ಇಟ್ಟುಬಿಡುತ್ತಾನೆ. ನೀನು ರಾಬಿನ್” ಅಂದ. ನಮ್ಮ ಸಾಲಿನಲ್ಲಿ ಇರಾಕಿನ ಒಬ್ಬ ‘ಆಡಮ್’ ಇದ್ದ, ಚಿಲಿ ಮೂಲದ ಒಬ್ಬಳು ‘ಸಾರಾ’ ಇದ್ದಳು. ಹದಿನೆಂಟು ಜನರ ಆ ಕೋಣೆಯಲ್ಲಿ ತಂದೆತಾಯಿ ಇಟ್ಟ ಹೆಸರಿನಿಂದ ಕೆಲಸ ಮಾಡುತ್ತಿದ್ದವರು ಎಷ್ಟು ಮಂದಿಯೋ ನಾನರಿಯೆ.

ಈ ‘ನೀನು’ ಎಂಬ ಮಾತಿನ ಬಗ್ಗೆ ಒಂದು ವಿವರಣೆ ಅಗತ್ಯ. ಇಲ್ಲಿ ಎಲ್ಲರೂ ಎಲ್ಲರಿಗೂ ನೀನೇ. 1967ರಲ್ಲಿ ಅಂದಿನ ವೈದ್ಯಕೀಯ ಆಡಳಿತದ ಮುಖ್ಯಸ್ಥರಾಗಿದ್ದ ಬ್ರೂರ್ ರೆಕ್ಸೆಡ್ ಎಂಬವರು ತಮ್ಮ ಸಿಬ್ಬಂದಿಯನ್ನೆಲ್ಲ ಇನ್ನು ಮುಂದೆ ಏಕವಚನದಲ್ಲೇ ಕರೆಯುವುದಾಗಿಯೂ ಅವರೂ ತಮ್ಮನ್ನು ಹಾಗೆಯೇ ಕರೆಯಬೇಕೆಂದೂ ಸಾರಿದ್ದು ಇಲ್ಲಿ ಮನೆಮಾತಾದ ಸಂಗತಿ. ಮೇಲು-ಕೀಳು ಅಳಿಯಲಿ ಎಂಬ ಸದುದ್ದೇಶದ ಬದಲಾವಣೆ ಅದು. ಅದರ ಬಗ್ಗೆ ನನಗೆ ಗೌರವವಿದೆ. ಆದರೆ ನೀನು ಎಂದು ಕರೆಸಿಕೊಳ್ಳುವ ಯಜಮಾನನಿಗೂ ಬೆತ್ತ ಇರಬಹುದು, ಅದು ಕಾಣುವುದಿಲ್ಲ ಅಷ್ಟೆ ಎಂಬುದನ್ನು ಆ ಕೋಣೆಯಲ್ಲಿ ಕಲಿತೆ.

ಕೋಣೆಯ ಒಂದು ಗೋಡೆಗೆ ಬಿಳಿಯ ಹಲಗೆ. ಅದರಲ್ಲಿ ನಮ್ಮೆಲ್ಲರ ಹೆಸರು, ಎದುರಿಗೆ ಆ ದಿನದ ಮಾರಾಟದ ಸಂಖ್ಯೆ. ಹಲಗೆಯ ಪಕ್ಕದಲ್ಲಿ ಹಡಗಿನ ಗಂಟೆಯಂಥದೊಂದು ಹಿತ್ತಾಳೆಯ ಗಂಟೆ. ಒಪ್ಪಂದ ಕುದುರಿದ ಕೂಡಲೆ ಎದ್ದು ಹೋಗಿ ಅದನ್ನು ಬಾರಿಸಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು. ಮಂಗಳಾರತಿಗೆ ಗಂಟೆ ಬಾರಿಸಿ ಬೆಳೆದ ನನಗೆ ಮೊದಲ ಕೆಲವು ದಿನ ಅಭ್ಯಾಸಬಲದಿಂದ ಕೈ ಮುಗಿಯುವಂತಾಗುತ್ತಿತ್ತು! ಮಧ್ಯಾಹ್ನದವರೆಗೂ ಸೊನ್ನೆಯಲ್ಲಿ ಉಳಿದವರು ಊಟದ ನಂತರ ನಿಂತುಕೊಂಡೇ ಮಾತನಾಡಬೇಕು, ಮೊದಲ ಒಪ್ಪಂದ ಆಗುವವರೆಗೆ. “ಇದು ಶಿಕ್ಷೆಯಲ್ಲ, ನಿಂತರೆ ಧ್ವನಿಗೆ ಶಕ್ತಿ ಬರುತ್ತದೆ” ಎನ್ನುವರು. ಜನ ಕೆಲಸದಿಂದ ಮನೆಗೆ ಬರುವ ಸಂಜೆ ಐದರಿಂದ ಏಳರ ಹೊತ್ತು ನಮಗೆ ಸುಗ್ಗಿಯ ಕಾಲ. ಆಗ ಯಾರೂ ಮೂತ್ರಕ್ಕೂ ಏಳುತ್ತಿರಲಿಲ್ಲ. ಎದ್ದರೆ ಕಂಪ್ಯೂಟರು ನಿಮಿಷ ಎಣಿಸುತ್ತಿತ್ತು. ನಂಬರನ್ನು ನಾವು ಒತ್ತುವ ಪ್ರಮೇಯವೂ ಇಲ್ಲ. ಒಂದು ಕರೆ ಮುಗಿಯುತ್ತಲೇ ಯಂತ್ರ ಇನ್ನೊಂದನ್ನು ಕಿವಿಗೆ ತಂದು ಸುರಿಯುತ್ತಿತ್ತು. ಬೈದು ಫೋನು ಕುಕ್ಕಿದ ಒಬ್ಬ ಗೃಹಸ್ಥನ ಮಾತು ಕಿವಿಯಿಂದ ಇಳಿಯುವ ಮೊದಲೇ ಮತ್ತೊಬ್ಬ ಗೃಹಿಣಿಗೆ “ನಮಸ್ಕಾರ, ನಾನು ರಾಬಿನ್” ಎಂದು ಹರ್ಷದಿಂದ ಹೇಳಬೇಕು.

ಈ ದೇಶದ ಪ್ರಸಿದ್ಧ ‘ಫೀಕಾ’ ಅಲ್ಲಿಯೂ ಇತ್ತೆಂದರೆ ಆಶ್ಚರ್ಯಪಡಬೇಡಿ. ಕಾಫಿ ಮತ್ತು ದಾಲ್ಚಿನ್ನಿಯ ಬನ್ನಿನೊಂದಿಗೆ ಕೂತು ಹರಟುವ ಈ ಬಿಡುವು ಇಲ್ಲಿನ ಕಚೇರಿಗಳಲ್ಲಿ ಸಂಧ್ಯಾವಂದನೆಯಷ್ಟೇ ನಿಯತವಾದದ್ದು. ಶುಕ್ರವಾರ ನಮಗೂ ಬನ್ನು ಬರುತ್ತಿತ್ತು. ಆದರೆ ತಿನ್ನುವ ಹದಿನೈದು ನಿಮಿಷ ಕರೆಯ ಲೆಕ್ಕದಿಂದ ಕಳೆದುಹೋಗುತ್ತಿದ್ದ ಕಾರಣ ಒಂದು ಕೈಯಲ್ಲಿ ಬನ್ನು ಹಿಡಿದು ಇನ್ನೊಂದು ಕೈಯಲ್ಲಿ ಮೌಸು ಒತ್ತುವವರೇ ಹೆಚ್ಚು.

ಕಾರ್ಮಿಕರ ಸ್ವರ್ಗವೆಂದು ಖ್ಯಾತಿವೆತ್ತ ಸ್ವೀಡನ್ನಿನಲ್ಲಿ ಇದು ಹೇಗೆ ಸಾಧ್ಯ ಎಂದು ತಾವು ಕೇಳಬಹುದು. ನಾನೂ ಕೇಳಿದೆ. ಇಲ್ಲಿ ಕಾನೂನು ನಿಗದಿಪಡಿಸಿದ ಕನಿಷ್ಠ ಕೂಲಿ ಎಂಬುದೇ ಇಲ್ಲ. 1938ರಲ್ಲಿ ಸಾಲ್ಟ್‌ಶಬಾದೆನ್ ಎಂಬಲ್ಲಿ ಮಾಲೀಕರ ಒಕ್ಕೂಟ ಮತ್ತು ಕಾರ್ಮಿಕ ಸಂಘಟನೆಗಳು ಮಾಡಿಕೊಂಡ ಒಡಂಬಡಿಕೆಯ ಕಾಲದಿಂದಲೂ, ಕೂಲಿಯ ವಿಷಯವನ್ನು ಸರ್ಕಾರದ ಹಸ್ತಕ್ಷೇಪವಿಲ್ಲದೆ ಇಬ್ಬರೂ ಕೂತು ಇತ್ಯರ್ಥ ಮಾಡಿಕೊಳ್ಳುವುದು ಇವರ ಪದ್ಧತಿ. ದುಡಿಯುವವರಲ್ಲಿ ಸುಮಾರು ನೂರಕ್ಕೆ ತೊಂಬತ್ತು ಮಂದಿ ಇಂಥ ಸಾಮೂಹಿಕ ಒಪ್ಪಂದಗಳ ನೆರಳಿನಲ್ಲಿದ್ದಾರೆ. ನಾನು ಸೇರಿದ ಕಂಪನಿ ಉಳಿದ ಹತ್ತರಲ್ಲಿತ್ತು. ಒಪ್ಪಂದವಿಲ್ಲದೆಡೆ ಮೂಲವೇತನ ನೆಪಮಾತ್ರ, ಮಿಕ್ಕದ್ದೆಲ್ಲ ಕಮಿಷನ್ನು. ಗಿರಾಕಿ ಒಪ್ಪಂದ ರದ್ದುಮಾಡಿದರೆ ಕೊಟ್ಟ ಕಮಿಷನ್ನನ್ನು ಮುಂದಿನ ತಿಂಗಳು ಹಿಂದಕ್ಕೆ ಕಿತ್ತುಕೊಳ್ಳುವರು. ಡಿಸೆಂಬರಿನಲ್ಲಿ ‘ಆಡಮ್’ ಗಳಿಸಿದ್ದಕ್ಕಿಂತ ಹಿಂದಿರುಗಿಸಬೇಕಾದದ್ದೇ ಹೆಚ್ಚಾಗಿ, ಆತ ಲೆಕ್ಕದ ಚೀಟಿಯನ್ನು ನನಗೆ ತೋರಿಸಿ ನಕ್ಕದ್ದು ನೆನಪಿದೆ. ನಾನು ಲೆಕ್ಕಪತ್ರದವನೆಂದು ಅವನಿಗೆ ಗೊತ್ತಿತ್ತು. ಎಲ್ಲಾದರೂ ತಪ್ಪು ಸಿಕ್ಕೀತೆಂದು ಆಸೆ. ಎರಡು ಸಲ ಕೂಡಿ ನೋಡಿದೆ, ಲೆಕ್ಕ ಸರಿಯಾಗಿಯೇ ಇತ್ತು.

ಮಾರಾಟವೆಂಬುದು ನನ್ನ ರಕ್ತಕ್ಕೆ ಹೊಸದಾಗಿರಲಿಲ್ಲ. ನಮ್ಮ ತಂದೆ ಸಾಗರ ತಾಲ್ಲೂಕಿನಲ್ಲಿ ಜೀವ ವಿಮಾ ನಿಗಮದ ಏಜೆಂಟರಾಗಿದ್ದವರು. ದೇಶದಲ್ಲಿದ್ದ 245 ವಿಮಾ ಸಂಸ್ಥೆಗಳನ್ನು ಕೂಡಿಸಿ 1956ರ ಸೆಪ್ಟೆಂಬರ್ 1ರಂದು ನಿಗಮವನ್ನು ಸ್ಥಾಪಿಸಿದರೆಂಬ ವಾಕ್ಯವನ್ನು ಅವರು ಗಾಯತ್ರಿಯಂತೆ ಬಾಯಿಪಾಠ ಮಾಡಿದ್ದರು. ಸೈಕಲ್ಲಿನ ಹ್ಯಾಂಡಲಿಗೆ ಕಪ್ಪು ಚೀಲ ನೇತುಹಾಕಿಕೊಂಡು ತಾಳಗುಪ್ಪ, ಆನಂದಪುರದ ಕಡೆಗೆಲ್ಲ ಹೋಗುತ್ತಿದ್ದರು. ಶಾಲೆಗೆ ರಜೆಯಿದ್ದಾಗ ನಾನು ಹಿಂದಿನ ಕ್ಯಾರಿಯರಿನ ಮೇಲೆ. ಅಡಿಕೆ ತೋಟದವರ ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡು, ಕೊಳೆರೋಗದ ವಿಚಾರ, ಮಗಳ ಸಂಬಂಧದ ವಿಚಾರ ಎಲ್ಲ ಮುಗಿಸಿ ಕೊನೆಗೆ ವಿಮೆಯ ಮಾತು ತೆಗೆಯುವರು. ಯಜಮಾನರು ಕಂಬಕ್ಕೊರಗಿ “ಹೂಂ... ಹೂಂ...” ಎನ್ನುತ್ತ ಕೇಳುವರು. ಅಪ್ಪ ಎಲ್ಲ ವಿವರಿಸಿ, ಅರ್ಜಿಯನ್ನು ಚೀಲದಿಂದ ತೆಗೆಯದೆಯೇ ಎದ್ದುಬಿಡುತ್ತಿದ್ದರು. ಮುಂದಿನ ತಿಂಗಳು ಮತ್ತೆ ಅದೇ ಜಗಲಿ, ಅದೇ ‘ಹೂಂ’. “ಅವರು ಹೂಂ ಅಂದ್ರಲ್ಲ ಅಪ್ಪಾ, ಯಾಕೆ ಬರೆಸಿಕೊಳ್ಳಲಿಲ್ಲ?” ಎಂದು ಕೇಳಿದ ನನಗೆ ಅವರು ಉತ್ತರ ಕೊಟ್ಟದ್ದು ಅಜ್ಜಿಯ ಮಾತಿನಲ್ಲಿ.

ಅಜ್ಜಿಯ ಆ ಮಾತಿಗೊಂದು ಹಿನ್ನೆಲೆಯಿದೆ. ಆಕೆಯ ಮನೆ, ಗದ್ದೆ, ತೋಟಗಳೆಲ್ಲ ಶರಾವತಿಯ ಕಣಿವೆಯಲ್ಲಿದ್ದವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅವು ಹಿನ್ನೀರಿನ ಪಾಲಾದವು. ಅದಕ್ಕೂ ಕೆಲವು ವರ್ಷ ಮೊದಲು ಯಾರೋ ಅಳತೆಯವರು ಬಂದು, ಜಗಲಿಯಲ್ಲಿ ನಕಾಶೆ ಹರಡಿ, ಇಲ್ಲಿಯವರೆಗೆ ನೀರು ಬರುತ್ತದೆ, ನಿಮಗೆ ಬೇರೆಡೆ ಜಾಗ ಕೊಡುತ್ತಾರೆ ಎಂದೆಲ್ಲ ಹೇಳಿದರಂತೆ. ಮನೆಗೆ ಬಂದವರು ಮಾತನಾಡುವಾಗ ಹೂಂಗುಟ್ಟದಿರುವುದು ಮರ್ಯಾದೆಯಲ್ಲವಾದ್ದರಿಂದ ಅಜ್ಜಿ ಒಳಬಾಗಿಲ ಮರೆಯಲ್ಲಿ ನಿಂತು ಹೂಂಗುಟ್ಟಿದಳು. ಎಲ್ಲರೂ ಒಪ್ಪಿದ್ದಾರೆಂದುಕೊಂಡು ಬಂದವರು ಹೊರಟುಹೋದರು. “ನಾ ಹೂಂ ಅಂದಿದ್ದೆ ಹೊರತು ಆಯ್ತು ಅಂದಿರಲಿಲ್ಲ” ಎಂದು ಅಜ್ಜಿ ತನ್ನ ಕೊನೆಗಾಲದವರೆಗೂ ಹೇಳುತ್ತಿದ್ದಳು. ಆಕೆ ಆಯ್ತು ಅನ್ನದಿದ್ದರೆ ನೀರೇನು ನಿಲ್ಲುತ್ತಿರಲಿಲ್ಲ, ಅದು ಆಕೆಗೂ ಗೊತ್ತಿತ್ತು. ಆದರೂ ಹೇಳುತ್ತಿದ್ದಳು. 1035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ನಾಡಿಗೆಲ್ಲ ಬೆಳಕು ಕೊಟ್ಟಿತು. ಅಜ್ಜಿಯ ಹೊಸ ಮನೆಯಲ್ಲಿ ಬಹುಕಾಲ ಸೀಮೆಎಣ್ಣೆಯ ಬುಡ್ಡಿಯೇ ಉರಿಯಿತು.

ಅಪ್ಪನನ್ನು ಸತ್ಯಹರಿಶ್ಚಂದ್ರನೆಂದು ಚಿತ್ರಿಸುವ ಆಸೆ ನನಗಿಲ್ಲ. ಮಾರ್ಚ್ ತಿಂಗಳು ಬಂತೆಂದರೆ ಅವರಿಗೂ ನಿದ್ದೆ ಇರುತ್ತಿರಲಿಲ್ಲ. ನಮ್ಮ ಸೋದರಮಾವ ಮೂರು ಪಾಲಿಸಿ ಮಾಡಿಸಿದ್ದು ತನ್ನ ಭವಿಷ್ಯದ ಚಿಂತೆಯಿಂದಲ್ಲ, ಭಾವನ ಮಾರ್ಚ್ ತಿಂಗಳ ಚಿಂತೆಯಿಂದ. ಆದರೆ ಕಿವಿಗೆ ಬಿದ್ದ ‘ಹೂಂ’ಗೆ ಅವರು ಅರ್ಜಿ ಬರೆದುಕೊಂಡದ್ದನ್ನು ನಾನು ಕಾಣೆ.

ಇಷ್ಟು ಪೀಠಿಕೆಯ ನಂತರ ಮುಖ್ಯ ವಿಷಯಕ್ಕೆ ಬರುತ್ತೇನೆ. 2016ರ ಜನವರಿಯ ಒಂದು ಸಂಜೆ ಯಂತ್ರ ನನ್ನ ಕಿವಿಗೆ ತಂದುಕೊಟ್ಟದ್ದು ಉತ್ತರದ ವೆಸ್ಟರ್‌ಬೊಟ್ಟೆನ್ ಪ್ರಾಂತದ, ಲಿಕ್ಸೆಲೆ ಪಟ್ಟಣಕ್ಕೆ ಸಮೀಪದ ಹಳ್ಳಿಯೊಂದರ ಮನೆ. ಮಾತನಾಡಿದವರು ಎಂಬತ್ತು ದಾಟಿದ ಒಬ್ಬ ಅಜ್ಜಿ. ಹೆಸರು ಬೇಡ. ಆ ದಿನ ನಾನು ಸೊನ್ನೆಯಲ್ಲಿದ್ದೆ, ಊಟದ ಬಳಿಕ ನಿಂತೇ ಇದ್ದೆ. ಅಲ್ಲಿ ಮೂವತ್ತು ಡಿಗ್ರಿ ಮೈನಸ್ ಇದೆಯೆಂದೂ ವಿದ್ಯುತ್ತಿನಿಂದ ಮನೆ ಬಿಸಿಮಾಡಲು ತುಂಬ ಖರ್ಚಾಗುವುದೆಂದೂ ಆಕೆ ಹೇಳಿದರು. ಬರೆದುಕೊಟ್ಟ ಪಾಠದ ಪ್ರಕಾರ ನಾನು ಹಿಗ್ಗಬೇಕಾದ ಜಾಗ ಅದು. ಹಿಗ್ಗಿದೆ. ಆಮೇಲೆ ಆಕೆ ಪಾಠದಲ್ಲಿಲ್ಲದ ಮಾತೊಂದನ್ನು ಆಡಿದರು: “ನೋಡು, ವಿದ್ಯುತ್ತು ತಯಾರಾಗುವುದು ಇಲ್ಲಿ, ನಮ್ಮ ಹೊಳೆಯಲ್ಲಿ. ಹೋಗುವುದು ನಿಮ್ಮ ಕಡೆಗೆ. ನಾನು ಹುಡುಗಿಯಾಗಿದ್ದಾಗ ಕಿಟಕಿ ತೆರೆದರೆ ನೀರಿನ ಭೋರ್ಗರೆತ ಕೇಳಿಸುತ್ತಿತ್ತು. ಈಗ ಏನೂ ಇಲ್ಲ.”

ಆಕೆ ಹೇಳಿದ ಹೊಳೆ ಊಮೆ ನದಿ. ಅದರುದ್ದಕ್ಕೂ ಅಣೆಕಟ್ಟುಗಳಿವೆ, ಕೆಳಗೆ ಊಮಿಯೋ ಪಟ್ಟಣದ ಬಳಿ ಸ್ತೂರ್‌ನೊರ್‌ಫೊಶ್ ಎಂಬ ದೊಡ್ಡ ವಿದ್ಯುದಾಗಾರ 1958ರಲ್ಲೇ ಆರಂಭವಾಯಿತು. ಅದರ ಉಪನದಿ ವಿಂಡೆಲ್ ಮಾತ್ರ ದೊಡ್ಡ ಹೋರಾಟದ ನಂತರ, 1970ರಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟದ್ದರಿಂದ ಉಳಿದುಕೊಂಡಿತು. ಇದೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಆ ಸಂಜೆ ನನಗನ್ನಿಸಿದ್ದು ಇಷ್ಟೆ: ಹಿನ್ನೀರಿನ ಊರಿನ ಮೊಮ್ಮಗ ಹಿನ್ನೀರಿನ ಊರಿನ ಅಜ್ಜಿಗೆ ಅವರ ಹೊಳೆಯನ್ನೇ ಅವರಿಗೆ ಮಾರುತ್ತಿದ್ದಾನೆ. ಅನ್ನಿಸಿದ್ದೇನೋ ನಿಜ. ಆದರೆ ಹಲಗೆಯ ಮೇಲೆ ನನ್ನ ಹೆಸರಿನ ಮುಂದೆ ಸೊನ್ನೆ ಇತ್ತು. ನಾನು ಪಾಠವನ್ನು ಮುಂದುವರಿಸಿದೆ.

ಸ್ವೀಡನ್ನಿನ ಉತ್ತರಭಾಗದ ಜನರಲ್ಲಿ ಒಂದು ವಿಶಿಷ್ಟ ರೂಢಿಯಿದೆ. ‘ಹೌದು’ ಎನ್ನುವುದಕ್ಕೆ ಅವರು ಬಾಯಿ ತೆರೆದು ಮಾತನಾಡುವುದಿಲ್ಲ. ತುಟಿ ಚೂಪು ಮಾಡಿ ‘ಶುಪ್’ ಎಂದು ಉಸಿರನ್ನು ಒಳಕ್ಕೆಳೆದುಕೊಳ್ಳುತ್ತಾರೆ. ಮೊದಲ ಸಲ ಕೇಳಿದವರು ಇವರಿಗೇನೋ ಗಾಬರಿಯಾಯಿತೆಂದು ಬೆಚ್ಚುವುದುಂಟು. ನಮ್ಮ ‘ಹೂಂ’ನಂತೆ ಅದಕ್ಕೂ ಹಲವು ಅರ್ಥ: ಹೌದು, ಕೇಳಿಸುತ್ತಿದೆ, ಹಾಗೋ, ಮುಂದೆ ಹೇಳು. ಕೊನೆಯಲ್ಲಿ ಧ್ವನಿಮುದ್ರಣದ ಗುಂಡಿ ಒತ್ತಿ, “ಮೂರು ವರ್ಷದ ಸ್ಥಿರ ಬೆಲೆಯ ಈ ಒಪ್ಪಂದಕ್ಕೆ ನಿನ್ನ ಒಪ್ಪಿಗೆ ಇದೆಯೇ?” ಎಂದು ನಾನು ಕೇಳಿದಾಗ ಆ ಕಡೆಯಿಂದ ಬಂದದ್ದು ಅದೇ ಉಸಿರು. ‘ಶುಪ್’.

ಇನ್ನೊಮ್ಮೆ ಕೇಳಬಹುದಿತ್ತು. ಕೇಳಲಿಲ್ಲ. ಎದ್ದು ಹೋಗಿ ಗಂಟೆ ಬಾರಿಸಿದೆ, ಚಪ್ಪಾಳೆ ಬಿತ್ತು, ಕುರ್ಚಿಯ ಮೇಲೆ ಕೂತೆ.

ಆ ಕಾಲದಲ್ಲಿ ಬಾಯಿಮಾತಿನ ಒಪ್ಪಿಗೆಯೇ ಕಾನೂನಿಗೆ ಸಾಕಾಗಿತ್ತು. ಮನಸ್ಸು ಬದಲಾದರೆ ಹದಿನಾಲ್ಕು ದಿನದೊಳಗೆ ಒಪ್ಪಂದ ಮುರಿಯುವ ಹಕ್ಕು ಗಿರಾಕಿಗೆ ಇತ್ತು, ಈಗಲೂ ಇದೆ. ದೃಢೀಕರಣದ ಕಾಗದ ಅಂಚೆಯಲ್ಲಿ ಹೋಯಿತು. ಅದು ಜಾಹೀರಾತೆಂದುಕೊಂಡು ಆ ಅಜ್ಜಿ ಒಲೆಗೆ ಹಾಕಿದರಂತೆ. ಮಾರ್ಚ್ ತಿಂಗಳ ಆರಂಭದಲ್ಲಿ ತಂಡದ ನಾಯಕ ನನ್ನನ್ನು ಕರೆದು, ಆ ಗಿರಾಕಿಯ ಕಡೆಯಿಂದ ದೂರು ಬಂದಿದೆ, ಆಕೆಗೆ ಮೊದಲೇ ಇನ್ನೊಂದು ಕಂಪನಿಯೊಂದಿಗೆ ಸ್ಥಿರ ಒಪ್ಪಂದ ಇತ್ತು, ಅದು ಮುರಿದದ್ದಕ್ಕೆ ಅವರು ದಂಡದ ಬಿಲ್ಲು ಕಳಿಸಿದ್ದಾರೆ ಎಂದ. ಇಬ್ಬರೂ ಕೂತು ಧ್ವನಿಮುದ್ರಣವನ್ನು ಕೇಳಿದೆವು. ನನ್ನ ಪ್ರಶ್ನೆ, ಆಮೇಲೆ ಆ ಉಸಿರು. ಆತ ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ಕೇಳಿಸಿದ.

“ಅವರು ಉತ್ತರದವರು. ಅವರಿಗೆ ಇದು ಹೌದು ಅಂತಲೇ. ಒಪ್ಪಂದ ನಿಲ್ಲುತ್ತದೆ” ಎಂದ.

“ಅದು ಒಪ್ಪಿಗೆ ಅಲ್ಲದೆಯೂ ಇರಬಹುದು” ಎಂದೆ.

“ರಾಬಿನ್, ಇದು ರದ್ದಾದರೆ ಕಮಿಷನ್ ಹೋಗುವುದು ನಿನ್ನದು, ನನ್ನದಲ್ಲ” ಎಂದು ಆತ ಕರುಣೆಯಿಂದಲೇ ಹೇಳಿದ.

ಆ ಸಂಜೆ ನಾನು ನಿಯಮಬಾಹಿರವಾದ ಕೆಲಸವೊಂದನ್ನು ಮಾಡಿದೆ. ಗಿರಾಕಿಯ ನಂಬರನ್ನು ಅಂಗೈ ಮೇಲೆ ಬರೆದುಕೊಂಡು, ಮನೆಗೆ ಬರುವ ದಾರಿಯಲ್ಲಿ ಮೆಟ್ರೋ ನಿಲ್ದಾಣದ ಹೊರಗೆ ನಿಂತು ನನ್ನ ಸ್ವಂತ ಫೋನಿನಿಂದ ಕರೆ ಮಾಡಿದೆ. ಇದನ್ನು ಸಾಹಸವೆಂದು ತಾವು ತಿಳಿಯಬಾರದು. ನನ್ನ ವಾಸದ ಪರವಾನಗಿ ಹೆಂಡತಿಯ ಉದ್ಯೋಗಕ್ಕೆ ಅಂಟಿಕೊಂಡಿತ್ತು, ಮನೆಯ ಬಾಡಿಗೆ ಆಕೆಯ ಸಂಬಳದಿಂದ ಸಲ್ಲುತ್ತಿತ್ತು. ಕೆಲಸ ಹೋದರೆ ಮೂರು ತಿಂಗಳೊಳಗೆ ಇನ್ನೊಂದು ಹುಡುಕಿಕೊಳ್ಳಬೇಕೆಂಬ ಕತ್ತಿ ತಲೆಯ ಮೇಲೆ ತೂಗುತ್ತಿರುವ ನಮ್ಮವರು ಈ ದೇಶದಲ್ಲಿ ಎಷ್ಟೋ ಮಂದಿ ಇದ್ದಾರೆ. ಅಮೆರಿಕದ ಎಚ್-1ಬಿ ವೀಸಾದವರಿಗಂತೂ 2017ರಿಂದ ಸಿಕ್ಕಿರುವ ಗಡುವು ಅರವತ್ತೇ ದಿನ. ಅವರ ಜಾಗದಲ್ಲಿ ನಾನಿದ್ದಿದ್ದರೆ ಆ ಕರೆ ಮಾಡುತ್ತಿದ್ದೆನೇ? ಎದೆ ಮುಟ್ಟಿ ಹೇಳಲಾರೆ.

“ನಾನು ರಾಬಿನ್, ಜನವರಿಯಲ್ಲಿ ಕರೆ ಮಾಡಿದ್ದೆ” ಎಂದು ಆರಂಭಿಸಿ, ಅಲ್ಲಿಗೇ ನಿಂತೆ. “ನನ್ನ ಹೆಸರು ರಾಬಿನ್ ಅಲ್ಲ, ರಾಘವೇಂದ್ರ” ಎಂದೆ. ಆ ಕಡೆ ತುಸು ಹೊತ್ತು ಮೌನ. ಬೈಗುಳವನ್ನು ಎದುರುನೋಡುತ್ತಿದ್ದೆ. “ಬರೆದುಕೊಳ್ಳುತ್ತೇನೆ, ಒಂದೊಂದೇ ಅಕ್ಷರ ಹೇಳು” ಎಂದರು ಆಕೆ. ಅವರ ಲಿಪಿಯಲ್ಲಿ ಅದು ಹನ್ನೊಂದು ಅಕ್ಷರ. ಹನ್ನೊಂದನ್ನೂ ಹೇಳಿದೆ. ಪೆನ್ಸಿಲಿನ ಸದ್ದು ಕೇಳಿಸುವಷ್ಟು ನಿಧಾನವಾಗಿ ಬರೆದುಕೊಂಡರು. ಆ ದಿನ ನೀನು ಒಪ್ಪಿದ್ದೆಯಾ ಎಂದು ಕೇಳಿದೆ. “ನಾನು ನೀನು ಹೇಳಿದ್ದನ್ನು ಕೇಳುತ್ತಿದ್ದೆ. ಚೆನ್ನಾಗಿ ಮಾತನಾಡುತ್ತಿದ್ದೆ ನೀನು” ಎಂದರು.

ಬಹುತೇಕ ಪುರಸಭೆಗಳಲ್ಲಿ ಗ್ರಾಹಕರಿಗೆ ಪುಕ್ಕಟೆ ಸಲಹೆ ದೊರೆಯುವ ಏರ್ಪಾಡಿರುತ್ತದೆಯೆಂದೂ, ಅಲ್ಲಿ ಬಗೆಹರಿಯದಿದ್ದರೆ ಸ್ಟಾಕ್‌ಹೋಮಿನ ಗ್ರಾಹಕ ದೂರುಗಳ ಮಂಡಳಿಗೆ ಖರ್ಚಿಲ್ಲದೆ ಬರೆಯಬಹುದೆಂದೂ, ಧ್ವನಿಮುದ್ರಣದ ಪ್ರತಿಯನ್ನು ಕೇಳಿ ಪಡೆಯಿರೆಂದೂ ಹೇಳಿದೆ. ನಮ್ಮ ಊರಲ್ಲಿಯೂ ಒಂದು ಹೊಳೆಯಿದೆ, ಅದಕ್ಕೂ ಕಟ್ಟೆ ಕಟ್ಟಿದ್ದಾರೆ ಎಂದು ಕೊನೆಯಲ್ಲಿ ಏಕೆ ಹೇಳಿದೆನೋ ತಿಳಿಯದು. ಅದಕ್ಕೆ ಉತ್ತರವಾಗಿ ಬಂದದ್ದು ‘ಶುಪ್’ ಎಂಬ ಉಸಿರು. ಈ ಸಲ ಅದರ ಅರ್ಥದ ಬಗ್ಗೆ ನನಗೆ ಅನುಮಾನವಿರಲಿಲ್ಲ.

ಮೂರು ವಾರದ ನಂತರ ಕಂಪನಿ ಒಪ್ಪಂದವನ್ನು ಕೈಬಿಟ್ಟಿತು, ದಂಡವನ್ನೂ ತುಂಬಿಕೊಟ್ಟಿತು. ತಪ್ಪೊಪ್ಪಿಗೆಯಲ್ಲ, ಸದ್ಭಾವನೆ ಎಂದು ಕಾಗದದಲ್ಲಿ ಬರೆದಿತ್ತು. ನೀನೇನಾದರೂ ಆಕೆಯೊಡನೆ ಮಾತನಾಡಿದೆಯಾ ಎಂದು ತಂಡದ ನಾಯಕ ಕೇಳಿದ. ಹೌದೆಂದೆ. ಪರೀಕ್ಷಾರ್ಥ ಅವಧಿಯನ್ನು ಕಾರಣ ಕೊಡದೆ ಮುಗಿಸಲು ಇಲ್ಲಿನ ಕಾನೂನಿನಲ್ಲಿ ಅವಕಾಶವಿದೆ, ಎರಡು ವಾರ ಮೊದಲು ತಿಳಿಸಿದರೆ ಸಾಕು. ತಿಳಿಸಿದರು. ನಾನು ಆ ಎರಡು ವಾರಗಳಲ್ಲಿ ಇದ್ದಾಗಲೇ, 2016ರ ಮಾರ್ಚ್ 31ರಂದು, ಕೆಲಸದ ಸ್ಥಳದ ಒತ್ತಡ ಮತ್ತು ಅವಮಾನಗಳನ್ನು ತಡೆಯಬೇಕೆಂಬ ಹೊಸ ನಿಯಮಾವಳಿ ದೇಶದಾದ್ಯಂತ ಜಾರಿಗೆ ಬಂತು. ಕೆಲಸದಲ್ಲಿ ಒಬ್ಬನನ್ನು ಗುರಿಮಾಡಿ ಕಾಡುವುದರ ವಿರುದ್ಧ 1993ರಷ್ಟು ಹಿಂದೆಯೇ ನಿಯಮ ಮಾಡಿದ್ದ ದೇಶವಿದು. ಈ ಬಾರಿ ಹೊರೆಗೆ ತಕ್ಕ ಅನುಕೂಲ ಒದಗಿಸುವುದೂ ಮಾಲೀಕನ ಹೊಣೆ ಎಂದು ಸೇರಿಸಿದ್ದರು. ಕಚೇರಿಗೂ ಒಂದು ಭಿತ್ತಿಪತ್ರ ಬಂತು. ಬೇರೆ ಜಾಗವಿಲ್ಲದ್ದರಿಂದ ಅದನ್ನು ಗಂಟೆಯ ಪಕ್ಕದಲ್ಲಿ ಅಂಟಿಸಿದರು. ಗಂಟೆ ಬಾರಿಸುವಾಗಲೆಲ್ಲ ಅದರ ತುದಿ ಅಲುಗಾಡುತ್ತಿತ್ತು.

2018ರ ಸೆಪ್ಟೆಂಬರ್ 1ರಿಂದ ಸ್ವೀಡನ್ನಿನಲ್ಲಿ ದೂರವಾಣಿಯ ಮಾರಾಟಕ್ಕೆ ಲಿಖಿತ ಒಪ್ಪಿಗೆ ಕಡ್ಡಾಯವಾಯಿತು. ಕರೆ ಮುಗಿದ ಮೇಲೆ ಗಿರಾಕಿ ಬರಹದಲ್ಲಿ, ಕಡೆಯಪಕ್ಷ ಮೊಬೈಲಿನ ಸಂದೇಶದಲ್ಲಾದರೂ, ಒಪ್ಪಿದೆ ಎಂದು ತಿಳಿಸದಿದ್ದರೆ ಒಪ್ಪಂದ ಸಿಂಧುವಲ್ಲ. ದಿನಾಂಕ ನಿಗಮದ ಹುಟ್ಟುಹಬ್ಬದ್ದೇ ಎಂಬುದು ಅಪ್ಪನಿಗೆ ಖುಷಿ ಕೊಡುತ್ತಿತ್ತು. ಕೇಳಲು ಅವರು ಇರಲಿಲ್ಲ. ನಾನು ಆಗಲೇ ಒಂದು ಗೃಹನಿರ್ಮಾಣ ಸಹಕಾರಿ ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನಾಗಿದ್ದೆ. ಮೇಜಿನ ಮೇಲೆ ನನ್ನ ಪೂರ್ಣ ಹೆಸರಿನ ಫಲಕವಿದೆ, ಹನ್ನೊಂದೂ ಅಕ್ಷರ. ‘ಆಡಮ್’ ಈಗ ಬಸ್ಸು ನಡೆಸುತ್ತಾನೆ. ದಾರಿಯಲ್ಲಿ ಕಂಡರೆ ಹಾರ್ನ್ ಹೊಡೆಯುತ್ತಾನೆ.

ಪ್ರತಿ ಭಾನುವಾರ ಸಾಗರಕ್ಕೆ ಫೋನು ಮಾಡುತ್ತೇನೆ. ಅಮ್ಮನಿಗೆ ವಯಸ್ಸಾಗಿದೆ. ಬೇಸಿಗೆಯಲ್ಲಿ ಇಲ್ಲಿಗೆ ಬಂದು ಮೂರು ತಿಂಗಳು ಇರಮ್ಮಾ, ರಾತ್ರಿ ಹತ್ತು ಗಂಟೆಗೂ ಬಿಸಿಲಿರುತ್ತದೆ, ಸೊಸೆ ರಜೆ ಹಾಕುತ್ತಾಳೆ, ವೀಲ್‌ಚೇರಿನ ವ್ಯವಸ್ಥೆ ಮಾಡುತ್ತೇನೆ ಎಂದು ಒಂದೊಂದಾಗಿ ಹೇಳುತ್ತೇನೆ. ಎಷ್ಟಾದರೂ ಮಾರಾಟಗಾರನ ಬಾಯಿ. ಅಮ್ಮ ಆ ಕಡೆಯಿಂದ “ಹೂಂ... ಹೂಂ...” ಎನ್ನುತ್ತಾಳೆ. ಟಿಕೇಟು ಇನ್ನೂ ತೆಗೆಸಿಲ್ಲ.